ಜಾಝ್ ನೃತ್ಯ

ಜಾಝ್ ನೃತ್ಯ: ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರ ನಡುವೆ ಹುಟ್ಟಿ, 20ನೆಯ ಶತಮಾನದಲ್ಲಿ ಜಾಝ್ ಸಂಗೀತದ ಜೊತೆಜೊತೆಗೇ ಬೆಳೆದ ನೃತ್ಯಪ್ರಕಾರ. ಈ ಹೆಸರು ಇಂದು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಲ್ಲಿದೆ. ಒಂದು, ನ್ಯೂಯಾರ್ಕಿನ ಹಾರ್ಲೆಮ್‌ನಂಥ ಕಡೆ ವಾದ್ಯಮೇಳದ ಎದುರು ಜನಸಾಮಾನ್ಯರು ಕುಣಿದ ಚಾರ್ಲ್‌ಸ್ಟನ್, ಲಿಂಡಿ ಹಾಪ್ ಮುಂತಾದ ಕುಣಿತಗಳು. ಇನ್ನೊಂದು, 1940ರ ದಶಕದಿಂದೀಚೆಗೆ ಬ್ರಾಡ್‌ವೇ ರಂಗಭೂಮಿ, ಹಾಲಿವುಡ್ ಮತ್ತು ತರಬೇತಿ ಶಾಲೆಗಳಲ್ಲಿ ರೂಪುಗೊಂಡ, ಬ್ಯಾಲೆ ಮತ್ತು ಆಧುನಿಕ ನೃತ್ಯ ಬೆರೆತ ಶೈಲಿ. ತರಗತಿಗಳಲ್ಲಿ 'ಜಾಝ್' ಎಂದು ಕಲಿಸುವುದು ಸಾಮಾನ್ಯವಾಗಿ ಎರಡನೆಯದನ್ನು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಬೇರಿಲ್ಲ. ಆದ್ದರಿಂದ ಇಲ್ಲಿ ಕುಣಿತದ ಅಂಗಳಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮೂಲ

1739ರಲ್ಲಿ ದಕ್ಷಿಣ ಕೆರೊಲಿನದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆಯೆದ್ದರು. ಮರುವರ್ಷ ಬಂದ ಕಾನೂನು ಅವರು ಡೋಲು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಡೋಲು ಕೈತಪ್ಪಿದ ಕಡೆ ಮೈಯೇ ಡೋಲಾಯಿತು: ತೊಡೆ, ಎದೆ, ಅಂಗೈ ತಟ್ಟಿ ಲಯ ಕಟ್ಟುವ 'ಜೂಬಾ' ತೋಟಗಳಲ್ಲಿ ಹರಡಿತು. ನಿಷೇಧವೊಂದೇ ಇದಕ್ಕೆ ಕಾರಣವೆನ್ನುವುದು ಅವಸರದ ಮಾತಾದೀತು. ಮೈತಟ್ಟಿ ತಾಳ ಹಿಡಿಯುವ ರೂಢಿ ಆಫ್ರಿಕದಲ್ಲೂ ಇತ್ತು. ಜಾರ್ಜಿಯ ಮತ್ತು ಕೆರೊಲಿನ ಕರಾವಳಿಯ ದ್ವೀಪಗಳಲ್ಲಿ 'ರಿಂಗ್ ಶೌಟ್' ಎಂಬ ಪ್ರಾರ್ಥನಾ ಕುಣಿತವಿತ್ತು. ಜನ ಅಪ್ರದಕ್ಷಿಣವಾಗಿ ಸುತ್ತುಗಟ್ಟಿ, ಪಾದ ನೆಲ ಬಿಡದಂತೆ ಸರಿಸುತ್ತಿದ್ದರು. ಕಾಲಿಗೆ ಕಾಲು ಅಡ್ಡ ಹಾಯುವಂತಿರಲಿಲ್ಲ. ಹಾಯ್ದರೆ ಅದು ಲೌಕಿಕ ನೃತ್ಯವಾಗಿಬಿಡುತ್ತದೆ ಎಂಬ ನಂಬಿಕೆ.

ನ್ಯೂ ಆರ್ಲಿಯನ್ಸ್‌ನಲ್ಲಿ 1817ರ ನಗರಾಜ್ಞೆ ಗುಲಾಮರ ಕುಣಿತವನ್ನು ಭಾನುವಾರಕ್ಕೆ ಮತ್ತು ಒಂದೇ ಬಯಲಿಗೆ ಸೀಮಿತಗೊಳಿಸಿತು. ಆ ಬಯಲೇ ಕಾಂಗೊ ಸ್ಕ್ವೇರ್. ಕಟ್ಟುಪಾಡಿಗೆಂದು ತೋರಿಸಿದ ಜಾಗದಲ್ಲೇ ಆಫ್ರಿಕದ ಹಲವು ಕುಲಗಳ ಹೆಜ್ಜೆಗಳು ಒಟ್ಟುಗೂಡಿದವು.

ರಂಗದ ಮೇಲೆ

ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ 'ಮಿನ್‌ಸ್ಟ್ರೆಲ್' ಪ್ರದರ್ಶನಗಳ ಕಾಲದಲ್ಲೇ ವಿಲಿಯಂ ಹೆನ್ರಿ ಲೇನ್ ಎಂಬ ಕಪ್ಪು ನರ್ತಕ 'ಮಾಸ್ಟರ್ ಜೂಬಾ' ಎಂದು ಹೆಸರು ಮಾಡಿದ. ಚಾರ್ಲ್ಸ್ ಡಿಕನ್ಸ್ 1842ರಲ್ಲಿ ನ್ಯೂಯಾರ್ಕಿನಲ್ಲಿ ಕಂಡು ಬೆರಗಾಗಿ ವರ್ಣಿಸಿದ ನರ್ತಕ ಈತನೇ ಇರಬೇಕೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಧಣಿಗಳ ಬಿಂಕದ ನಡಿಗೆಯನ್ನು ಗುಲಾಮರು ಅಣಕಿಸುತ್ತ ಕಟ್ಟಿದ 'ಕೇಕ್‌ವಾಕ್' ಶತಮಾನದ ಕೊನೆಗೆ ಬ್ರಾಡ್‌ವೇ ತಲುಪಿತು. ಏಡಾ ಓವರ್‌ಟನ್ ವಾಕರ್ ಅದರ ಶ್ರೇಷ್ಠ ಕಲಾವಿದೆ. 1903ರ 'ಇನ್ ದಹೋಮಿ' ನಾಟಕದೊಡನೆ ಆಕೆ ಅದನ್ನು ಲಂಡನ್ನಿಗೂ ಒಯ್ದಳು. ಕಪ್ಪು ಕಲಾವಿದರೇ ರಚಿಸಿ ಆಡಿದ 'ಷಫಲ್ ಅಲಾಂಗ್' (1921) ಐನೂರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 'ರನ್ನಿನ್ ವೈಲ್ಡ್' (1923) ಚಾರ್ಲ್‌ಸ್ಟನ್ ಕುಣಿತವನ್ನು ದೇಶದ ಹುಚ್ಚಾಗಿಸಿತು.

ಸವಾಯ್ ಮತ್ತು ಲಿಂಡಿ ಹಾಪ್

1926ರ ಮಾರ್ಚ್ 12ರಂದು ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ, 140 ಮತ್ತು 141ನೆಯ ಬೀದಿಗಳ ನಡುವೆ, ಸವಾಯ್ ಬಾಲ್‌ರೂಮ್ ತೆರೆಯಿತು. ಮಹಡಿಯ ಮೇಲಿನ ಆ ಅಂಗಳ ಒಂದು ಬೀದಿಯಿಂದ ಇನ್ನೊಂದು ಬೀದಿಯವರೆಗೆ ಉದ್ದಕ್ಕೆ ಚಾಚಿತ್ತು. ನೆಲಕ್ಕೆ ಮೇಪಲ್ ಮರದ ಹಲಗೆ. ಲಕ್ಷಾಂತರ ಪಾದಗಳ ಉಜ್ಜಿಗೆ ಅದು ಸವೆದು, ಆಗಾಗ ಬದಲಿಸಬೇಕಾಗುತ್ತಿತ್ತು. ಎರಡು ವಾದ್ಯವೇದಿಕೆಗಳಿದ್ದವು: ಒಂದು ಮೇಳ ನಿಲ್ಲಿಸಿದ ಕೂಡಲೇ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಕುಣಿತಕ್ಕೆ ಬಿಡುವೇ ಇರಲಿಲ್ಲ. ಹಾರ್ಲೆಮ್‌ನಲ್ಲೇ ಇದ್ದ ಕಾಟನ್ ಕ್ಲಬ್ಬಿನಲ್ಲಿ ಕಪ್ಪು ಕಲಾವಿದರು ಬಿಳಿ ಪ್ರೇಕ್ಷಕರಿಗಾಗಿ ಕುಣಿಯುತ್ತಿದ್ದ ಕಾಲದಲ್ಲಿ ಸವಾಯ್ ಬಾಗಿಲು ಇಬ್ಬರಿಗೂ ತೆರೆದಿತ್ತು. ಅಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ನಿನಗೆ ಕುಣಿಯಲು ಬರುತ್ತದೆಯೇ?

1928ರಲ್ಲಿ ಮ್ಯಾನ್‌ಹ್ಯಾಟನ್ ಕಸಿನೊದಲ್ಲಿ ನಡೆದ ಮ್ಯಾರಥಾನ್ ಕುಣಿತದಲ್ಲಿ ಜಾರ್ಜ್ 'ಶಾರ್ಟಿ' ಸ್ನೋಡನ್ ಜೊತೆಗಾತಿಯ ಕೈ ಬಿಟ್ಟು, ತನ್ನಷ್ಟಕ್ಕೆ ಕೆಲವು ಹೆಜ್ಜೆ ಹಾಕಿ, ಮತ್ತೆ ಕೈ ಹಿಡಿದ. ಇದೇನೆಂದು ಕೇಳಿದವರಿಗೆ 'ಲಿಂಡಿ' ಎಂದನಂತೆ. ಹಿಂದಿನ ವರ್ಷ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ್ದ ವಿಮಾನಚಾಲಕ ಲಿಂಡ್‌ಬರ್ಗ್‌ನ ಹೆಸರು ಅದು. ಹೆಸರಿನ ಬಗ್ಗೆ ಬೇರೆ ಕಥೆಗಳೂ ಇವೆ. ಕುಣಿತವಂತೂ ಒಬ್ಬನ ಸೃಷ್ಟಿಯಲ್ಲ. ಕೈ ಬಿಟ್ಟು ಕುಣಿಯುವ 'ಬ್ರೇಕ್‌ಅವೇ' ಮೊದಲೇ ಚಾಲ್ತಿಯಲ್ಲಿತ್ತು. 1929ರ 'ಆಫ್ಟರ್ ಸೆಬೆನ್' ಎಂಬ ಕಿರುಚಿತ್ರದಲ್ಲಿ ಸ್ನೋಡನ್ ಅದನ್ನು ಕುಣಿಯುವುದನ್ನು ಇಂದಿಗೂ ನೋಡಬಹುದು.

ಲಿಂಡಿಯ ಬೀಜಹೆಜ್ಜೆ 'ಸ್ವಿಂಗ್‌ಔಟ್'. ಇದು ಎಂಟು ಎಣಿಕೆಯದು. ಒಂದು, ಎರಡಕ್ಕೆ ಒಂದೊಂದು ಹೆಜ್ಜೆ. ಮೂರು-ನಾಲ್ಕರಲ್ಲಿ ಮೂರು ಚುರುಕು ಹೆಜ್ಜೆ. ಅಷ್ಟರಲ್ಲಿ ಜೋಡಿ ಪರಸ್ಪರ ಸನಿಹ ಬಂದು, ಒಬ್ಬರ ಸುತ್ತ ಒಬ್ಬರು ತಿರುಗಿರುತ್ತಾರೆ. ಐದು, ಆರಕ್ಕೆ ಮತ್ತೆ ಒಂದೊಂದು, ಏಳು-ಎಂಟರಲ್ಲಿ ಮತ್ತೆ ಮೂರು. ಈ ಉತ್ತರಾರ್ಧದಲ್ಲಿ ಜೊತೆಗಾತಿ ತೋಳಿನುದ್ದಕ್ಕೆ ದೂರ ಸರಿಯುತ್ತಾಳೆ. ಅಪ್ಪಿ ಹಿಡಿಯುವ ಯುರೋಪಿನ ಜೋಡಿನೃತ್ಯವೂ ಒಂಟಿಯಾಗಿ ಹೆಜ್ಜೆ ಕಟ್ಟುವ ಆಫ್ರಿಕನ್ ರೂಢಿಯೂ ಈ ಎಂಟು ಎಣಿಕೆಯೊಳಗೆ ಕೂಡಿವೆ. ದೂರ ಸರಿದ ಆ ಕ್ಷಣದಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ, ಅದು ಕುಣಿಯುವವರ ಸ್ವಂತದ್ದು. ಜಾಝ್ ವಾದಕನಿಗೆ ಮನೋಧರ್ಮಕ್ಕೆಂದು ಬಿಟ್ಟ ಸುತ್ತು ಹೇಗೋ ಹಾಗೆ.

ಲಯದಲ್ಲೂ ಒಂದು ಪಲ್ಲಟವಾಗಿತ್ತು. 1920ರ ದಶಕದ ಮೇಳಗಳು ಎರಡು ಪೆಟ್ಟಿಗೆ ಒತ್ತು ಕೊಡುತ್ತಿದ್ದವು. ಕುಣಿತ ಮೇಲಕ್ಕೆ ಪುಟಿಯುತ್ತಿತ್ತು. ಸ್ವಿಂಗ್ ಕಾಲದಲ್ಲಿ ನಾಲ್ಕೂ ಪೆಟ್ಟು ಸಮನಾಗಿ ಹರಿದವು. ಪೆಟ್ಟಿನ ಮೊದಲರ್ಧ ದೀರ್ಘ, ಎರಡನೆಯದು ಹ್ರಸ್ವ. ಆಗ ಮೈಯೂ ಬದಲಾಯಿತು. ಮಂಡಿ ಬಗ್ಗಿತು, ಮುಂಡ ಓಟಗಾರನಂತೆ ಮುಂದೆ ಬಾಗಿತು, ಚಲನೆ ನೆಲಕ್ಕೆ ಸಮಾಂತರವಾಯಿತು. ಈ ಬಾಗಿದ ಮೈಯನ್ನು ಸವಾಯ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಳಗಿಸಿದವನು ಫ್ರ್ಯಾಂಕಿ ಮ್ಯಾನಿಂಗ್ (1914-2009).

ಗಿಡ್ಡ ಸ್ನೋಡನ್‌ನನ್ನು ಎತ್ತರದ ಜೊತೆಗಾತಿ ಬಿಗ್ ಬೀ ಕೊನೆಯಲ್ಲಿ ಬೆನ್ನ ಮೇಲೆ ಹೊತ್ತು ಹೊರನಡೆಯುವುದು ಆಗ ಜನಪ್ರಿಯ ತಮಾಷೆ. ಅದನ್ನು ನೋಡಿದ ಮ್ಯಾನಿಂಗ್, ಬೆನ್ನಿಗೆ ಬೆನ್ನು ಕೊಟ್ಟು ಜೊತೆಗಾತಿಯನ್ನು ತಲೆಯ ಮೇಲಿನಿಂದ ಉರುಳಿಸಿ ಇಳಿಸಬಹುದಲ್ಲ ಎಂದು ಯೋಚಿಸಿದ. ಫ್ರೀಡಾ ವಾಷಿಂಗ್ಟನ್ ಜೊತೆ ಅಭ್ಯಾಸ ಮಾಡಿ 1935ರ ಸ್ಪರ್ಧೆಯೊಂದರಲ್ಲಿ ಅದನ್ನು ಮಾಡಿ ತೋರಿಸಿದ. ಡ್ರಮ್ ಮೇಲಿದ್ದವನು ಸವಾಯ್‌ನ ಆಸ್ಥಾನ ಮೇಳದ ಒಡೆಯ ಚಿಕ್ ವೆಬ್. ವೆಬ್ ಕಣ್ಣು ಸದಾ ಕುಣಿಯುವವರ ಕಾಲ ಮೇಲೆ. ಹೆಜ್ಜೆಗೆ ಪೆಟ್ಟು ಕೂಡಿಸುತ್ತಿದ್ದ. ವಾದಕ ನರ್ತಕನನ್ನೂ ನರ್ತಕ ವಾದಕನನ್ನೂ ಹಿಂಬಾಲಿಸುವ ಈ ಮಾತುಕತೆಯೇ ಜಾಝ್ ನೃತ್ಯದ ಜೀವಾಳವೆಂದು ಪ್ರಸ್ತುತ ಲೇಖಕರ ಅಭಿಪ್ರಾಯ.

'ಹೆಲ್ಜಪಾಪಿನ್' (1941) ಚಿತ್ರದಲ್ಲಿ ಮ್ಯಾನಿಂಗ್ ಸಂಯೋಜಿಸಿದ ನಾಲ್ಕು ಜೋಡಿಗಳ ಕುಣಿತ ಲಿಂಡಿಯ ಅತ್ಯುತ್ತಮ ದಾಖಲೆ. ಆ ಅಪ್ರತಿಮ ನರ್ತಕರಿಗೆ ಅಲ್ಲಿ ಕೊಟ್ಟ ವೇಷ ಅಡುಗೆಯವರದು, ಮನೆಗೆಲಸದವರದು, ಮೆಕ್ಯಾನಿಕ್‌ಗಳದು.

ಎರಡನೆಯ ಮಹಾಯುದ್ಧವು ನರ್ತಕರನ್ನು ಸೈನ್ಯಕ್ಕೆ ಸೆಳೆಯಿತು. 1944ರಲ್ಲಿ ಹಾಡು-ಕುಣಿತವಿರುವ ಕ್ಲಬ್ಬುಗಳ ಮೇಲೆ ಮೊದಲಿಗೆ ಶೇ. 30ರ ತೆರಿಗೆ ಬಿತ್ತು. ಕುಣಿತದ ಅಂಗಳ ತೆಗೆದು ಕುರ್ಚಿ ಹಾಕುವುದೇ ಮಾಲೀಕರಿಗೆ ಲಾಭವೆನಿಸಿತು. ಆಗ ಹೊಸದಾಗಿ ಬಂದ 'ಬೀಬಾಪ್' ಸಂಗೀತವೂ ಕೂತು ಕೇಳುವಂಥದು. 1958ರಲ್ಲಿ ಸವಾಯ್ ಮುಚ್ಚಿತು; ಆ ಜಾಗದಲ್ಲಿ ವಸತಿ ಸಮುಚ್ಚಯ ಎದ್ದಿತು.

ರಂಗಶೈಲಿ

ಎರಡನೆಯ ಧಾರೆಯ ಆದ್ಯನೆಂದು ಜ್ಯಾಕ್ ಕೋಲ್ (1911-1974) ಹೆಸರನ್ನು ಹೇಳುವುದು ವಾಡಿಕೆ. ಭಾರತೀಯ ಓದುಗರಿಗೆ ಇಲ್ಲೊಂದು ನಿಜವಾದ ನಂಟಿದೆ. ಕೋಲ್ ಮೊದಲು ಕಲಿತದ್ದು ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ಅವರ ಡೆನಿಷಾನ್ ತಂಡದಲ್ಲಿ. ಆ ತಂಡ 1920ರ ದಶಕದ ನಡುವೆ ಭಾರತ ಪ್ರವಾಸ ಮಾಡಿತ್ತು. ಕೋಲ್ ಭರತನಾಟ್ಯವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಅದರ ಮುದ್ರೆ, ಕತ್ತಿನ ಚಲನೆ, ಅರಮಂಡಿಯಂಥ ತಗ್ಗಿದ ನಿಲುವನ್ನು ಸ್ವಿಂಗ್ ಸಂಗೀತಕ್ಕೆ ಕೂಡಿಸಿದ. 1930ರ ದಶಕದ ಕೊನೆಗೆ ನೈಟ್‌ಕ್ಲಬ್ಬುಗಳಲ್ಲಿ ಇದು 'ಹಿಂದೂ ಸ್ವಿಂಗ್' ಎಂದು ಹೆಸರಾಯಿತು. ದೇಹದ ಒಂದು ಅಂಗ ಚಲಿಸುವಾಗ ಉಳಿದವು ಸ್ತಬ್ಧವಾಗಿರುವ 'ಐಸೊಲೇಶನ್' ಇಂದಿನ ಜಾಝ್ ತರಗತಿಯ ಮೊದಲ ಪಾಠ. ಅದರ ಬೇರು ಮುಖ್ಯವಾಗಿ ಆಫ್ರಿಕನ್ ನೃತ್ಯದಲ್ಲಿದೆ. ಆದರೂ ಕೋಲ್ ಮೂಲಕ ಭರತನಾಟ್ಯದ ಗ್ರೀವಾಭೇದವೂ ಅದರಲ್ಲಿ ಸ್ವಲ್ಪ ಸೇರಿಕೊಂಡಿದೆ. 'ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್' (1953) ಚಿತ್ರದಲ್ಲಿ ಮರ್ಲಿನ್ ಮನ್ರೊ ಕುಣಿದದ್ದು ಕೋಲ್ ಸಂಯೋಜನೆಯಲ್ಲಿ.

ಕ್ಯಾಥರಿನ್ ಡನ್‌ಹ್ಯಾಮ್ (1909-2006) ಮಾನವಶಾಸ್ತ್ರದ ವಿದ್ಯಾರ್ಥಿನಿಯಾಗಿ 1935-36ರಲ್ಲಿ ಹೈಟಿ, ಜಮೈಕ ಮೊದಲಾದೆಡೆ ಕ್ಷೇತ್ರಕಾರ್ಯ ಮಾಡಿ, ಅಲ್ಲಿಯ ಕುಣಿತಗಳಿಂದ ಒಂದು ಬೋಧನಾಕ್ರಮ ಕಟ್ಟಿದರು. ಈ ಧಾರೆಯ ಚರಿತ್ರೆಯಲ್ಲಿ ಕೋಲ್‌ಗೆ ಸಲ್ಲುವಷ್ಟೇ ಸ್ಥಾನ ಅವರಿಗೂ ಸಲ್ಲಬೇಕು. ಕೋಲ್ ಶಿಷ್ಯ ಮ್ಯಾಟ್ ಮ್ಯಾಟಕ್ಸ್, ಷಿಕಾಗೊ ಸಮೀಪದ ಗಸ್ ಜೋರ್ಡಾನೊ, ಕಾರು ಅಪಘಾತದಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಚೇತರಿಸಿಕೊಳ್ಳಲು ಮಾಡಿಕೊಂಡ ವ್ಯಾಯಾಮವನ್ನೇ ಪದ್ಧತಿಯಾಗಿಸಿದ ಲುಯಿಜಿ ಇತರ ಪ್ರಮುಖ ಗುರುಗಳು. ಬಾಬ್ ಫಾಸಿ (1927-1987) ಒಳಮುಖ ಮಂಡಿ, ಕುಗ್ಗಿದ ಭುಜ, ಟೋಪಿ, ಕೈಗವಸುಗಳ ಸ್ವಂತ ಭಾಷೆ ಕಂಡುಕೊಂಡರು. 'ಷಿಕಾಗೊ' (1975) ಅದರ ಪ್ರಸಿದ್ಧ ಉದಾಹರಣೆ.

ಮರುಹುಟ್ಟು

ಮಾರ್ಷಲ್ ಮತ್ತು ಜೀನ್ ಸ್ಟರ್ನ್ಸ್ ದಂಪತಿಯ 'ಜಾಝ್ ಡ್ಯಾನ್ಸ್' (1968) ಗ್ರಂಥ ಹಳೆಯ ನರ್ತಕರ ಮಾತುಗಳನ್ನು ಅವರು ಬದುಕಿದ್ದಾಗಲೇ ಬರೆದಿಟ್ಟಿತು. 1980ರ ದಶಕದಲ್ಲಿ ಸ್ವೀಡನ್, ಇಂಗ್ಲೆಂಡ್ ಮತ್ತು ಕ್ಯಾಲಿಫೋರ್ನಿಯದ ಯುವಕರು ಹಳೆಯ ಚಿತ್ರಗಳನ್ನು ನೋಡಿ ನೋಡಿ ಲಿಂಡಿಯನ್ನು ಬೆನ್ನಟ್ಟಿ ಬಂದಾಗ ಮ್ಯಾನಿಂಗ್ ಮೂರು ದಶಕಗಳ ಅಂಚೆ ಇಲಾಖೆಯ ನೌಕರಿ ಮುಗಿಸುವ ಹಂತದಲ್ಲಿದ್ದ. ಎಪ್ಪತ್ತು ದಾಟಿದ ಮೇಲೆ ಆತ ದೇಶದೇಶ ಸುತ್ತಿ ಕಲಿಸಿದ. 'ಬ್ಲ್ಯಾಕ್ ಅಂಡ್ ಬ್ಲೂ' ನಾಟಕದ ನೃತ್ಯಸಂಯೋಜನೆಗೆ 1989ರಲ್ಲಿ ಟೋನಿ ಪ್ರಶಸ್ತಿಯಲ್ಲಿ ಪಾಲು ಪಡೆದ. ಸವಾಯ್‌ನ ಒಡನಾಡಿ ನಾರ್ಮಾ ಮಿಲ್ಲರ್ 2019ರವರೆಗೆ ಬದುಕಿದ್ದರು. ಮ್ಯಾನಿಂಗ್ ಹುಟ್ಟಿದ ಮೇ 26ನ್ನು ಲಿಂಡಿ ನರ್ತಕರು ವಿಶ್ವ ಲಿಂಡಿ ಹಾಪ್ ದಿನವಾಗಿ ಆಚರಿಸುತ್ತಾರೆ.