ಕಣ್ಣೀರೆಂಬ ಮಸೂರ

ಕಣ್ಣಿಗೆ ಧೂಳಿನ ಕಣವೊಂದು ಬಿದ್ದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಸೆರಗಿನ ತುದಿಗೆ ಬಿಸಿಯುಸಿರನ್ನು ಊದಿ ಒತ್ತಿಕೊಳ್ಳುವ ಮನುಷ್ಯನು, ಗಡುಸಾದ ಬಟ್ಟಲೊಂದನ್ನು ತಾನಾಗಿಯೇ ಆ ಕಣ್ಣಿನ ಮೇಲಿಟ್ಟುಕೊಂಡು ಅದರೊಡನೆ ದಿನವಿಡೀ ಬಾಳಲು ಕಲಿತ ಬಗೆಯು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಅಧ್ಯಾಯಗಳಲ್ಲೊಂದು. ಅಲಂಕಾರದ ಬಯಕೆಯಿಂದ ಅದು ಮೊದಲಾದುದಲ್ಲ. ಕನ್ನಡಕದಿಂದ ಕಾಣಲಾರದವರ ಕಷ್ಟದಿಂದ ಮೊದಲಾದುದು.

ಅಂಥವರಲ್ಲಿ ಮುಖ್ಯರಾದವರು ಕೆರಟೊಕೋನಸ್ ಎಂಬ ವ್ಯಾಧಿಗೆ ತುತ್ತಾದವರು. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕವಿದುಕೊಂಡಿರುವ ಕಾರ್ನಿಯಾ ಎಂಬ ಸ್ವಚ್ಛಪಟಲವು, ಸುಮಾರು ಅರ್ಧ ಮಿಲಿಮೀಟರಿನಷ್ಟೇ ದಪ್ಪವಾಗಿದ್ದರೂ, ಕಣ್ಣಿನ ವಕ್ರೀಭವನಶಕ್ತಿಯ ಮೂರರಲ್ಲಿ ಎರಡು ಪಾಲನ್ನು ತಾನೇ ಹೊತ್ತಿರುತ್ತದೆ. ಈ ಪಟಲವು ಸಾಮಾನ್ಯವಾಗಿ ತಾರುಣ್ಯದ ದಿನಗಳಲ್ಲಿ ತೆಳುವಾಗುತ್ತ, ತನ್ನ ದುಂಡುತನವನ್ನು ಕಳೆದುಕೊಂಡು ಶಂಕುವಿನಂತೆ ಮುಂಚಾಚತೊಡಗಿದರೆ, ಒಂದು ದೀಪವು ಹಲವು ದೀಪಗಳಾಗಿ ಒಡೆದು, ಓದುವ ಅಕ್ಷರವು ತನ್ನದೇ ನೆರಳುಗಳೊಡನೆ ಬೆರೆತು, ವಿದ್ಯಾರ್ಥಿಯ ಪಾಲಿಗೆ ಪುಸ್ತಕವೇ ಮಸುಕಾಗಿಬಿಡುತ್ತದೆ. 1854ರಲ್ಲಿ ಲಿವರ್‌ಪೂಲಿನ ಜಾನ್ ನಾಟಿಂಗ್‌ಹ್ಯಾಮ್ ಈ ರೋಗದ ಲಕ್ಷಣಗಳನ್ನು ಗ್ರಂಥರೂಪದಲ್ಲಿ ವಿವರಿಸಿದನು. 1869ರಲ್ಲಿ ಸ್ವಿಟ್ಜರ್ಲೆಂಡಿನ ಹಾರ್ನರ್ ಇದಕ್ಕೆ ಈಗಿನ ಹೆಸರನ್ನಿತ್ತನು.

ಪರಿಹಾರದ ತತ್ತ್ವವಾದರೋ ರೋಗದ ಹೆಸರಿಗಿಂತಲೂ ಹಳೆಯದು. ನೀರಿಗೂ ಕಾರ್ನಿಯಾಕ್ಕೂ ಬೆಳಕನ್ನು ಬಾಗಿಸುವ ಗುಣವು ಹೆಚ್ಚುಕಡಿಮೆ ಒಂದೇ ಆದುದರಿಂದ, ಕಾರ್ನಿಯಾದ ಮೇಲೆ ನೀರು ನಿಂತರೆ ಅದರ ಅಂಕುಡೊಂಕು ಬಹುಮಟ್ಟಿಗೆ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಥಾಮಸ್ ಯಂಗ್ ಎಂಬ ಇಂಗ್ಲಿಷ್ ವಿದ್ವಾಂಸನು ಇದನ್ನು 1801ರಲ್ಲಿ ಪ್ರಕಟವಾದ ತನ್ನ ಪ್ರಯೋಗಗಳಲ್ಲಿ, ನೀರು ತುಂಬಿದ ಮಸೂರದ ನಳಿಗೆಯನ್ನು ಸ್ವಂತ ಕಣ್ಣಿಗೇ ಆನಿಸಿಕೊಂಡು ಕಂಡಿದ್ದನು. ವಿಕಾರಗೊಂಡ ಕಾರ್ನಿಯಾದ ಮೇಲೆ ಪಾರದರ್ಶಕವಾದ ಲೋಳೆಯನ್ನು ತುಂಬಿದ ಗಾಜಿನ ಬಟ್ಟಲನ್ನಿಡಬಹುದಲ್ಲವೆ ಎಂಬ ಆಲೋಚನೆಯನ್ನು ಖಗೋಳವಿಜ್ಞಾನಿ ಜಾನ್ ಹರ್ಷೆಲ್ ಮುಂದಿಟ್ಟನು. ಆದರೆ ಆಲೋಚನೆಯನ್ನು ಅನುಭವಕ್ಕೆ ತರಬಲ್ಲ ಕುಶಲಕರ್ಮಿಗಳು ದೊರೆಯುವ ವೇಳೆಗೆ ಆ ಶತಮಾನವು ಮುಗಿಯುತ್ತ ಬಂದಿತ್ತು.

ಜೂರಿಚ್ ನಗರದಲ್ಲಿದ್ದ ಜರ್ಮನ್ ನೇತ್ರವೈದ್ಯ ಅಡಾಲ್ಫ್ ಓಯ್ಗೆನ್ ಫಿಕ್ ಮೊದಲು ಮೊಲಗಳ ಕಣ್ಣಿನ ಮೇಲೆ, ಅನಂತರ ತನ್ನ ಕಣ್ಣಿನ ಮೇಲೆ, ಆಮೇಲಷ್ಟೇ ರೋಗಿಗಳ ಕಣ್ಣಿನ ಮೇಲೆ ಗಾಜಿನ ಚಿಪ್ಪುಗಳನ್ನಿಟ್ಟು ಪರೀಕ್ಷಿಸಿ, 1888ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಸ್ಪರ್ಶದ ಕನ್ನಡಕ ಎಂಬ ಅರ್ಥದ ಹೆಸರನ್ನು ಆತನೇ ಇಟ್ಟದ್ದು. ನಾವಿಂದು ಆಡುವ ‘ಕಾಂಟ್ಯಾಕ್ಟ್’ ಎಂಬ ಮಾತಿನ ಮೂಲವು ಅಲ್ಲಿಯೇ ಇದೆ. ಚಿಪ್ಪಿಗೂ ಕಾರ್ನಿಯಾಕ್ಕೂ ನಡುವೆ ಅವನು ಶೇಕಡಾ 2ರ ದ್ರಾಕ್ಷಾಶರ್ಕರೆಯ ದ್ರಾವಣವನ್ನು ತುಂಬುತ್ತಿದ್ದನು. ಸುಮಾರು ಎರಡು ಗಂಟೆಗಳ ಕಾಲ ಅದನ್ನು ಸಹಿಸಬಹುದಾಗಿತ್ತು. ಅನಂತರ ಕಾರ್ನಿಯಾಕ್ಕೆ ಮಂಜು ಕವಿಯುತ್ತಿತ್ತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯೂಜೀನ್ ಕಾಲ್ಟ್ ಎಂಬ ವೈದ್ಯನೂ ಕೆರಟೊಕೋನಸ್ ರೋಗಿಗಳ ಕಣ್ಣಿಗೆ ಗಾಜಿನ ಚಿಪ್ಪನ್ನು ತೊಡಿಸಿ ನೋಡಿದನು.

ಈ ಮೂಲಪುರುಷರಲ್ಲಿ ನನ್ನ ಹೃದಯಕ್ಕೆ ಹತ್ತಿರದವನೆಂದರೆ ಕೀಲ್ ವಿಶ್ವವಿದ್ಯಾನಿಲಯದ ಆಗಸ್ಟ್ ಮ್ಯೂಲರ್. ಫಿಕ್ ಮತ್ತು ಕಾಲ್ಟ್ ವೈದ್ಯರಾಗಿ ಈ ಪ್ರಶ್ನೆಗೆ ಬಂದರು; ಮ್ಯೂಲರ್ ಬಂದುದು ದೃಷ್ಟಿದೋಷದ ನೋವನ್ನು ಉಂಡವನಾಗಿ. 14 ಡಯಾಪ್ಟರಿನ ಸಮೀಪದೃಷ್ಟಿಯಿದ್ದ ಈ ವಿದ್ಯಾರ್ಥಿಯು ಬರ್ಲಿನ್ನಿನ ಹಿಮ್ಲರ್ ಎಂಬ ಕುಶಲಿಯಿಂದ ಗಾಜನ್ನು ಉಜ್ಜಿಸಿ, ಗಾಳಿಯ ಗುಳ್ಳೆ ಒಳಗೆ ಸೇರದಿರಲೆಂದು ನೀರಿನೊಳಗೇ ಅದನ್ನು ಕಣ್ಣಿಗೇರಿಸಿ, ನೋವನ್ನು ಮರಗಟ್ಟಿಸಲು ಕೊಕೇನಿನ ಹನಿಗಳನ್ನು ಬಿಟ್ಟುಕೊಂಡರೂ, ಅರ್ಧ ಗಂಟೆಗಿಂತ ಹೆಚ್ಚು ಕಾಲ ಅದನ್ನು ತಾಳಿಕೊಳ್ಳಲಾಗಲಿಲ್ಲ. 1889ರಲ್ಲಿ ತನ್ನ ಪ್ರೌಢಪ್ರಬಂಧವನ್ನು ಒಪ್ಪಿಸಿದವನು ಮುಂದೆ ನೇತ್ರಚಿಕಿತ್ಸೆಯನ್ನೇ ಬಿಟ್ಟು ಮೂಳೆಯ ವೈದ್ಯನಾದನು. ಆ ಅರ್ಧ ಗಂಟೆಯನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಆ ಹೊತ್ತು ಅವನಿಗೆ ಜಗತ್ತು ಸ್ಪಷ್ಟವಾಗಿ ಕಂಡಿರಬೇಕು.

ಇವರೆಲ್ಲರೂ ಕಣ್ಣನ್ನು ಗಾಜಿಗೆ ಹೊಂದಿಸಲು ಹೊರಟವರು. ಗಾಜನ್ನು ಕಣ್ಣಿಗೆ ಹೊಂದಿಸಬೇಕೆಂಬ ವಿವೇಕವನ್ನು ಬುಡಾಪೆಸ್ಟಿನ ಜೋಸೆಫ್ ಡಾಲೋಸ್ ಸಿದ್ಧಿಸಿಕೊಂಡನು. ಜೀವಂತ ಕಣ್ಣಿನ ಅಚ್ಚನ್ನೇ ತೆಗೆದು, ಅದರ ಏರುತಗ್ಗುಗಳಿಗೆ ಅನುಗುಣವಾಗಿ ಗಾಜನ್ನು ರೂಪಿಸುತ್ತಿದ್ದ ಈ ಶಿಲ್ಪಿಸದೃಶ ವೈದ್ಯನು 1937ರಲ್ಲಿ ಲಂಡನ್ನಿಗೆ ಹೋಗಿ ನೆಲಸಿದನು. ಆ ವೇಳೆಗಾಗಲೇ ಗಾಜಿನ ಸ್ಥಾನಕ್ಕೆ ಹಗುರವಾದ ಪ್ಲಾಸ್ಟಿಕ್ ಬರತೊಡಗಿತ್ತು. ಲಾಸ್ ಏಂಜಲಿಸ್ಸಿನ ಕೆವಿನ್ ಟೂಹಿ 1948ರಲ್ಲಿ ಪೇಟೆಂಟಿಗಾಗಿ ಮುಂದಿಟ್ಟ ಮಸೂರವು ಬಿಳಿಗುಡ್ಡೆಯ ಗೊಡವೆಯನ್ನೇ ಬಿಟ್ಟು, ಕಾರ್ನಿಯಾವನ್ನು ಮಾತ್ರ ಆವರಿಸಿ, ಕಣ್ಣೀರಿನ ಪದರದ ಮೇಲೆ ತೇಲತೊಡಗಿತು. ಫಿಕ್ಕನ ಸಕ್ಕರೆನೀರಿನ ಕೆಲಸವನ್ನು ಅಲ್ಲಿಂದ ಮುಂದೆ ಕಣ್ಣೀರೇ ವಹಿಸಿಕೊಂಡಿತು: ಡೊಂಕಾದ ಕಾರ್ನಿಯಾಕ್ಕೂ ದುಂಡನೆಯ ಮಸೂರಕ್ಕೂ ನಡುವಣ ತಗ್ಗುಗಳನ್ನು ತುಂಬಿ, ರೋಗಿಗೆ ದೃಷ್ಟಿಯನ್ನು ಮರಳಿಸುವ ನಿಜವಾದ ಮಸೂರವು ಕಣ್ಣೀರೇ ಎಂದರೆ ಅತಿಶಯೋಕ್ತಿಯಲ್ಲ.

ಆದರೂ ರೂಢಿಯಾಗುವ ತನಕದ ತಪಸ್ಸು ತಪ್ಪಲಿಲ್ಲ. ಮೊದಲ ದಿನ ಎರಡು ಮೂರು ಗಂಟೆ, ಅನಂತರ ದಿನಕ್ಕಿಷ್ಟೆಂದು ಏರಿಸುತ್ತ ಹೋಗುವ ಕ್ರಮವು ಹಾರ್ಡ್ ಲೆನ್ಸಿನ ಕಾಲದಲ್ಲಿ ಎಲ್ಲೆಡೆಯೂ ವಿಧಿಯಾಯಿತು. ಮೇಲ್ರೆಪ್ಪೆಯ ಅಂಚು ಮಸೂರದ ಅಂಚಿಗೆ ತಗುಲಿ ಧಾರೆಧಾರೆಯಾಗಿ ನೀರು ಸುರಿಯುವುದರಿಂದ ಹೊಸಬನು ಗಲ್ಲವನ್ನು ಮೇಲೆತ್ತಿ, ಕಣ್ಣನ್ನು ಅರೆಮುಚ್ಚಿ, ದೇವತೆಗಳಂತೆ ಅನಿಮಿಷನಾಗಿರಲು ಹವಣಿಸುತ್ತಾನೆ. ಎವೆಯಿಕ್ಕಿದರಲ್ಲದೆ ಮಸೂರದಡಿಯ ಕಣ್ಣೀರು ಹೊಸದಾಗದೆಂಬುದನ್ನು ಅವನು ಕಲಿಯಬೇಕಾಗುತ್ತದೆ. ಮಿತಿಮೀರಿ ಧರಿಸಿದವರು ನಡುರಾತ್ರಿಯ ಮೇಲೆ ಕಣ್ಣುರಿಯಿಂದ ಎಚ್ಚತ್ತು ನರಳುವುದು ಆಗ ಅಪರೂಪವಾಗಿರಲಿಲ್ಲ. ರಕ್ತನಾಳಗಳಿಲ್ಲದ ಕಾರ್ನಿಯಾವು ತನ್ನ ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುವುದೆಂದೂ, ಫಿಕ್ ಕಂಡ ಮಂಜು ಉಸಿರುಗಟ್ಟಿದ ಪಟಲದ ಗೋಳೆಂದೂ 1950ರ ದಶಕದಲ್ಲಿ ಮನವರಿಕೆಯಾಯಿತು. 1970ರ ದಶಕದಲ್ಲಿ ನಾರ್ಮನ್ ಗೇಲಾರ್ಡ್ ಸಿಲಿಕೋನನ್ನು ಬೆರೆಸಿ ಗಾಳಿಯಾಡುವ ಪ್ಲಾಸ್ಟಿಕ್ಕನ್ನು ಸೃಷ್ಟಿಸಿದ ಮೇಲೆ ಆ ಗೋಳು ಬಹಳಷ್ಟು ತಗ್ಗಿತು. ನಮ್ಮ ಅಂಗಡಿಗಳಲ್ಲಿ ‘ಸೆಮಿ ಸಾಫ್ಟ್’ ಎನ್ನುವುದು ಈ ಮಸೂರವನ್ನೇ.

ನಮಗೆ ಇದು ದೂರದ ಕಥೆಯಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏಷ್ಯಾ ಮೂಲದವರಲ್ಲಿ ಕೆರಟೊಕೋನಸ್ ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಕಂಡುಬಂದಿತು. ಶಂಕು ಬಹಳ ಚೂಪಾದವರಿಗೆ ಇಂದು ಮತ್ತೆ ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸನ್ನೇ ಕೊಡುತ್ತಾರೆ. ಬೆಳಗ್ಗೆ ಅದನ್ನು ಹಾಕಿಕೊಳ್ಳುವ ತರುಣಿಯು ಮೇಜಿನ ಮೇಲೆ ಕನ್ನಡಿಯನ್ನು ಅಂಗಾತ ಮಲಗಿಸಿ, ಬಟ್ಟಲಿನಂಥ ಮಸೂರದ ತುಂಬ ಉಪ್ಪುನೀರನ್ನು ತುಂಬಿ, ಮುಖವನ್ನು ನೆಲಕ್ಕೆ ಸಮನಾಗಿ ಬಾಗಿಸಿ, ಒಂದು ಕೈಯಿಂದ ರೆಪ್ಪೆಗಳನ್ನು ಅಗಲಿಸಿ, ಇನ್ನೊಂದರಿಂದ ಆ ಪುಟ್ಟ ಕೊಳವನ್ನು ಮೆಲ್ಲನೆ ಮೇಲೆತ್ತುತ್ತಾಳೆ. ನೀರು ಕಣ್ಣನ್ನು ಮುಟ್ಟಿ ಕೆನ್ನೆಗೆ ಚೆಲ್ಲಿದ ಮೇಲೆ ತಲೆಯೆತ್ತಿ, ಒಳಗೆ ಗುಳ್ಳೆಯೇನಾದರೂ ಉಳಿದಿದೆಯೇ ಎಂದು ಕನ್ನಡಿಯಲ್ಲಿ ಹುಡುಕುತ್ತಾಳೆ.