ಉದಾರವಾದ: ಬ್ರಿಟನ್ನಿನಲ್ಲಿ ಅಭಿಜಾತ ಮತ್ತು ಆಧುನಿಕ ಘಟ್ಟಗಳು

ವ್ಯಕ್ತಿಸ್ವಾತಂತ್ರ್ಯವನ್ನು ರಾಜಕೀಯದ ಮೂಲಮೌಲ್ಯವೆಂದು ಎಣಿಸುವ ಚಿಂತನೆ ಉದಾರವಾದ. ಬ್ರಿಟನ್ನಿನಲ್ಲಿ ಇದು ಎರಡು ಘಟ್ಟಗಳನ್ನು ಹಾದುಬಂದಿದೆ. ಅಭಿಜಾತ ಉದಾರವಾದಿಗಳು ಸರ್ಕಾರದ ಅತಿಯಾದ ಅಧಿಕಾರವೇ ಸ್ವಾತಂತ್ರ್ಯಕ್ಕೆ ಕುತ್ತು ಎಂದರು. ಬಡತನ, ಕಾಯಿಲೆ, ನಿರುದ್ಯೋಗಗಳೂ ಸ್ವಾತಂತ್ರ್ಯವನ್ನು ಕಸಿಯುತ್ತವೆ, ಅವನ್ನು ನೀಗಲು ಸರ್ಕಾರವೇ ಮುಂದಾಗಬೇಕು ಎಂಬುದು ಆಧುನಿಕರ ನಿಲುವು.

ಅಭಿಜಾತ ಘಟ್ಟ: ಜೀವ, ಸ್ವಾತಂತ್ರ್ಯ, ಆಸ್ತಿಗಳು ಸಹಜ ಹಕ್ಕುಗಳೆಂದೂ ಸರ್ಕಾರಕ್ಕೆ ಪ್ರಜೆಗಳ ಸಮ್ಮತಿಯೇ ಆಧಾರವೆಂದೂ ಜಾನ್ ಲಾಕ್ (1632–1704) ಪ್ರತಿಪಾದಿಸಿದ. ಆಡಮ್ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ವ್ಯಾಪಾರದ ಏಕಸ್ವಾಮ್ಯಗಳನ್ನು ಖಂಡಿಸಿದ. ಆದರೆ ರಕ್ಷಣೆ, ನ್ಯಾಯದಾನ, ಲೋಕೋಪಯೋಗಿ ಕಾಮಗಾರಿಗಳನ್ನು ಸರ್ಕಾರಕ್ಕೇ ಬಿಟ್ಟ. ವಿದೇಶಿ ಗೋಧಿಯ ಆಮದನ್ನು ನಿರ್ಬಂಧಿಸಿದ್ದ 1815ರ ಧಾನ್ಯ ಕಾಯಿದೆ ಭೂಮಾಲೀಕರಿಗೆ ಲಾಭ ತಂದು, ಬಡವರ ರೊಟ್ಟಿಯನ್ನು ದುಬಾರಿಯಾಗಿಸಿತ್ತು. ಅದರ ವಿರುದ್ಧ ರಿಚರ್ಡ್ ಕಾಬ್ಡೆನ್ ಮತ್ತು ಜಾನ್ ಬ್ರೈಟ್ ಮ್ಯಾಂಚೆಸ್ಟರಿನಿಂದ ಚಳವಳಿ ನಡೆಸಿದರು. 1846ರಲ್ಲಿ ಧಾನ್ಯ ಕಾಯಿದೆಗಳನ್ನು ರದ್ದುಪಡಿಸಿದವನು ಸಂಪ್ರದಾಯವಾದಿಗಳ ಕನ್ಸರ್ವೇಟಿವ್ (ಟೋರಿ) ಪಕ್ಷದ ಪ್ರಧಾನಿ ರಾಬರ್ಟ್ ಪೀಲ್. ಇದರಿಂದ ಅವನ ಪಕ್ಷ ಒಡೆಯಿತು. ಗ್ಲ್ಯಾಡ್‌ಸ್ಟನ್ ಮುಂತಾದ ಅವನ ಬೆಂಬಲಿಗರು ಟೋರಿಗಳ ಹಳೆಯ ಎದುರಾಳಿಗಳಾದ ವಿಗ್ ಹಾಗೂ ತೀವ್ರ ಸುಧಾರಣಾವಾದಿ ರ್‍ಯಾಡಿಕಲ್ ಬಣಗಳೊಡನೆ ಸೇರಿ 1859ರಲ್ಲಿ ಲಿಬರಲ್ ಪಕ್ಷ ರೂಪುಗೊಂಡಿತು.

ಆಧುನಿಕ ಘಟ್ಟ: ಬಲದಲ್ಲಿ ಸಮಾನರಲ್ಲದವರ ನಡುವಿನ ಕರಾರು ಸ್ವತಂತ್ರ ಕರಾರಲ್ಲ ಎಂಬ ವಾದವನ್ನು ಆಕ್ಸ್‌ಫರ್ಡಿನ ಟಿ.ಎಚ್. ಗ್ರೀನ್ 1881ರಲ್ಲಿ ಮುಂದಿಟ್ಟ. ಲಿಬರಲ್ ಸರ್ಕಾರ 1908ರಲ್ಲಿ, 70 ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ಪಿಂಚಣಿಯನ್ನೂ 1911ರಲ್ಲಿ ಕಾರ್ಮಿಕರಿಗೆ ಆರೋಗ್ಯ ಹಾಗೂ ನಿರುದ್ಯೋಗ ವಿಮೆಯನ್ನೂ ಜಾರಿಗೆ ತಂದಿತು. ಸಿರಿವಂತರ ಮೇಲೆ ತೆರಿಗೆ ಏರಿಸಿದ ಹಣಕಾಸು ಸಚಿವ ಲಾಯ್ಡ್ ಜಾರ್ಜನ 1909ರ ಬಜೆಟ್ಟನ್ನು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ತಿರಸ್ಕರಿಸಿತು. 1911ರ ಪಾರ್ಲಿಮೆಂಟ್ ಕಾಯಿದೆ ಆ ಸಭೆಯ ಅಧಿಕಾರವನ್ನೇ ಮೊಟಕುಗೊಳಿಸಿತು. ಅಭಿಜಾತ ಪಂಥದ ಹರ್ಬರ್ಟ್ ಸ್ಪೆನ್ಸರ್ ಮಾತ್ರ, ನಿರ್ಬಂಧಗಳನ್ನು ಹೇರುವ ಲಿಬರಲರು ಹೊಸ ಟೋರಿಗಳೇ ಆಗಿದ್ದಾರೆಂದು 1884ರಲ್ಲೇ ಆಕ್ಷೇಪಿಸಿದ್ದ.

ಸಂಪ್ರದಾಯವಾದದೊಡನೆ ಸಂಬಂಧ: ತಲೆಮಾರುಗಳು ಕಟ್ಟಿದ ಸಂಸ್ಥೆಗಳನ್ನು ಅಮೂರ್ತ ತತ್ತ್ವಕ್ಕಾಗಿ ಕೆಡವಬಾರದೆಂದು 1790ರಲ್ಲಿ ವಾದಿಸಿ ಸಂಪ್ರದಾಯವಾದಕ್ಕೆ ತಳಹದಿ ಹಾಕಿದ ಎಡ್ಮಂಡ್ ಬರ್ಕ್ ಸ್ವತಃ ವಿಗ್ ಪಕ್ಷದವನು. ಸಂಪ್ರದಾಯವಾದಿಗಳು ಸರ್ಕಾರದ ಹಸ್ತಕ್ಷೇಪವನ್ನು ಸದಾ ವಿರೋಧಿಸಿದವರೂ ಅಲ್ಲ: 1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಕನ್ಸರ್ವೇಟಿವ್ ಪ್ರಧಾನಿ ಡಿಸ್ರೇಲಿಯ ಸರ್ಕಾರದ್ದು. ಐರ್ಲೆಂಡಿನ ಸ್ವಯಮಾಡಳಿತದ ಪ್ರಶ್ನೆಯಿಂದ 1886ರಲ್ಲಿ ಸಿಡಿದುಹೋದ ಲಿಬರಲರ ಒಂದು ಬಣ 1912ರಲ್ಲಿ ಕನ್ಸರ್ವೇಟಿವ್ ಪಕ್ಷದಲ್ಲಿ ವಿಲೀನವಾಯಿತು. 1979ರ ನಂತರ ಮಾರ್ಗರೆಟ್ ಥ್ಯಾಚರ್ ಅದೇ ಪಕ್ಷದಿಂದ ಮುಕ್ತ ಮಾರುಕಟ್ಟೆಯ ನೀತಿಯನ್ನು ಮತ್ತೆ ಮುನ್ನೆಲೆಗೆ ತಂದರು. ಅವರು ಮೆಚ್ಚಿದ್ದ ಚಿಂತಕ ಫ್ರೆಡರಿಕ್ ಹಯೆಕ್ ಮಾತ್ರ ತಾನು ಸಂಪ್ರದಾಯವಾದಿಯಲ್ಲವೆಂದು 1960ರಲ್ಲೇ ಬರೆದಿದ್ದ. ಮಾರುಕಟ್ಟೆಯ ವಿಷಯದಲ್ಲಿ ಉದಾರವಾದ ಮತ್ತು ಸಂಪ್ರದಾಯವಾದಗಳು ಕೂಡಿ ನಡೆದರೂ, ಅಧಿಕಾರ ಮತ್ತು ಪರಂಪರೆಗೆ ಎಷ್ಟು ಮನ್ನಣೆ ಸಲ್ಲಬೇಕೆಂಬಲ್ಲಿ ಅವುಗಳ ಭಿನ್ನಮತ ಉಳಿದಿದೆ.