ಹಾಲು ಉಕ್ಕಿಸುವವರು

ಕುಣಿಗಲ್‌ನಲ್ಲಿ ಅಣ್ಣನಿಗೆ ‘ಫಾರಂ ಕುದುರೆ’ ಎಂದೇ ಹೆಸರು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿನಲ್ಲಿ, ಕೂತಲ್ಲಿ ಕೂರದ ಹುಡುಗನಿಗೆ ಬೇರೆ ಹೆಸರು ಹುಡುಕಬೇಕಿರಲಿಲ್ಲ. ನಾನು ಗುಬ್ಬಿಯ ಅಜ್ಜಿಮನೆಯ ‘ಮಂಕುದಿಣ್ಣೆ’. ಹಾಲು ನೋಡಿಕೊ ಎಂದು ಒಲೆಯ ಮುಂದೆ ನಿಲ್ಲಿಸಿದರೆ, ಅದು ಉಕ್ಕಿ ಹರಿದರೂ ನನಗೆ ಕಾಣುತ್ತಿರಲಿಲ್ಲ. ಅಣ್ಣನನ್ನು ಬೆಂಗಳೂರಿನ ಡಾಕ್ಟರಿಗೆ ತೋರಿಸಿದರು. ನನಗೆ ಬೈಗುಳವೇ ಸಾಕಾಯಿತು.

ಹೋದ ವರ್ಷ ತುಮಕೂರಿನಲ್ಲಿ, ಪಿಎಚ್.ಡಿ.ಯ ಒಂದೇ ಅಧ್ಯಾಯ ಮೂರನೇ ಸಲ ಗಡುವು ದಾಟಿದಾಗ, ನನ್ನದೂ ಅಣ್ಣನದೂ ಒಂದೇ ತೊಂದರೆ, ಎಡಿಎಚ್‌ಡಿ, ಎಂದರು ವೈದ್ಯರು. ಇತಿಹಾಸದ ವಿದ್ಯಾರ್ಥಿನಿ ನೋಡಿ, ಮಾತ್ರೆಗಿಂತ ಮೊದಲು ಆ ಹೆಸರಿನ ಚರಿತ್ರೆ ಹುಡುಕಿದೆ.

1798ರಲ್ಲಿ, ಟಿಪ್ಪು ಮಡಿಯುವ ಹಿಂದಿನ ವರ್ಷ, ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ತನ್ನ ಪುಸ್ತಕದಲ್ಲಿ ಗಮನಕ್ಕೂ ಅದರ ರೋಗಗಳಿಗೂ ಒಂದು ಅಧ್ಯಾಯ ಕೊಟ್ಟ. ಮನಸ್ಸು ಒಂದೆಡೆ ನಿಲ್ಲದಿರುವುದೇ ಅವನ ಚಿಂತೆ. 1840ರ ದಶಕದಲ್ಲಿ ಜರ್ಮನಿಯ ವೈದ್ಯ ಹೈನ್‌ರಿಚ್ ಹಾಫ್‌ಮನ್ ಮಕ್ಕಳ ಚಿತ್ರಪುಸ್ತಕ ಬರೆದ. ಅದರಲ್ಲಿ ಕುರ್ಚಿ ತೂಗಾಡಿಸಿ ಊಟದ ಮೇಜಿನ ಬಟ್ಟೆ ಸಮೇತ ಬೀಳುವ ಫಿಲಿಪ್ ಇದ್ದಾನೆ, ಆಕಾಶ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸ್ ಕೂಡ ಇದ್ದಾನೆ. ಎಡಿಎಚ್‌ಡಿ ಚರಿತ್ರೆ ಬರೆಯುವವರಿಗೆ ಮೊದಲು ನೆನಪಾಗುವವನು ಫಿಲಿಪ್. ನನಗಂತೂ ಹಾನ್ಸ್‌ನದೇ ಸಂಕಟ.

ವೈದ್ಯಶಾಸ್ತ್ರಕ್ಕೂ ಮೊದಲು ಕಂಡದ್ದು ಗಲಾಟೆಯೇ. 1968ರ ಅಮೆರಿಕದ ಕೈಪಿಡಿಯಲ್ಲಿದ್ದ ಹೆಸರು ಮಕ್ಕಳ ಅತಿಚಟುವಟಿಕೆಯದು. 1980ರಲ್ಲಿ ಹೆಸರೇ ‘ಗಮನ ಕೊರತೆ’ ಎಂದು ಬದಲಾಗಿ, ಚಟುವಟಿಕೆ ಹೆಚ್ಚಿಲ್ಲದವರಿಗೂ ಜಾಗ ಸಿಕ್ಕಿತು. 1987ರಲ್ಲಿ ಎರಡನ್ನೂ ಕಲಸಿ, ನಮ್ಮಂಥವರನ್ನು ಮತ್ತೆ ಮೂಲೆಗೆ ತಳ್ಳಿದರು. 1994ರಲ್ಲಿ ಮೂರು ಬಗೆ ಮಾಡಿದರು: ಗಮನ ಜಾರುವುದೇ ಮುಖ್ಯವಾದದ್ದು, ಚಡಪಡಿಕೆ ಮತ್ತು ದುಡುಕಿನದು, ಎರಡೂ ಕೂಡಿದ್ದು. ಅಣ್ಣನದು ಮೂರನೆಯದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದ, ಬ್ಯಾಗನ್ನು ಶಾಲೆಯಲ್ಲೇ ಬಿಟ್ಟು ಬರುತ್ತಿದ್ದ. ನನ್ನದು ಮೊದಲನೆಯದು. ಪುಟ ತಿರುವುತ್ತಿದ್ದೆ, ಓದಿದ್ದು ಒಂದೂ ಉಳಿಯುತ್ತಿರಲಿಲ್ಲ. ಆದರೆ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಇದು ತಡವಾಗಿ ಪತ್ತೆಯಾಗುವುದಕ್ಕೆ ಈ ಸಂಭಾವಿತತನವೂ ಒಂದು ಕಾರಣ. 7 ವರ್ಷದೊಳಗೇ ಲಕ್ಷಣ ಕಾಣಬೇಕೆಂಬ ನಿಯಮವನ್ನು 12ಕ್ಕೆ ಏರಿಸಿದ್ದು 2013ರಲ್ಲಿ.

ಇದು ಮನೆತನದಲ್ಲಿ ಹರಿದುಬರುವುದು ಹೆಚ್ಚು ಎಂದು ಓದಿ, ಗುಬ್ಬಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ಸುಮಾರು ಹೊತ್ತು ಸುಮ್ಮನಿದ್ದಳು.

“ನನ್ ತಂಗೀನೂ ಹಂಗೇ ಹಾಲು ಉಕ್ಕಿಸೋಳು ಕಣೆ. ತಲೆಗೆ ಹತ್ತಲ್ಲ ಅಂತ ನಾಕ್ನೇ ಕ್ಲಾಸಿಗೇ ಬಿಡಿಸಿಬಿಟ್ರು.”